ನಕ್ಷತ್ರ ಆಮೆಯ ತೌರು

ಆಮೆಯೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಕೆರೆ, ಕಲ್ಯಾಣಿ, ದೇವಸ್ಥಾನದ ಕೊಳ. ನೀರಿನ ನೆರೆಯಿಲ್ಲದೆ ಬಾಳುವ ಆಮೆಯೂ ಉಂಟೆಂದರೆ ಪಟ್ಟಣದವರು ಸಂದೇಹದಿಂದ ನೋಡುವರು. ಆದರೆ ಹೊಸಕೋಟೆಯನ್ನು ಬಿಟ್ಟು ಚಿಂತಾಮಣಿಯ ಕಡೆಗೆ ಹೊರಟವರು ನಂದಗುಡಿಯ ಸುತ್ತಮುತ್ತಣ ನೆಲವನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಕೆಂಪು ಮಣ್ಣು, ಅಲ್ಲಲ್ಲಿ ನೆಲದಿಂದ ಬೆನ್ನೆತ್ತಿದ ಬಂಡೆ, ರಾಗಿ ಹುರುಳಿಗಳ ಹೊಲ, ಹೊಲಕ್ಕೂ ಗುಡ್ಡಕ್ಕೂ ನಡುವೆ ತಂಗಡಿ, ಕಾರೆ, ಜಾಲಿ, ಪಾಪಾಸುಕಳ್ಳಿಗಳು ಬೆಳೆದ ಗೋಮಾಳ. ರೆವಿನ್ಯೂ ದಾಖಲೆಗಳಲ್ಲಿ ಇಂತಹ ಭೂಮಿಗೆ ಹಿಂದಿನಿಂದಲೂ ಬೀಳು, ಖರಾಬು ಎಂಬ ಹೆಸರುಗಳೇ ಗತಿ. ಇಲ್ಲಿಂದ ಕೋಲಾರದ ಮೇಲೆ ಹಾದು ರಾಯಲಸೀಮೆಯವರೆಗೂ ಹಬ್ಬಿರುವ ಈ ಬಗೆಯ ಒಣ ಕುರುಚಲೇ ನಕ್ಷತ್ರ ಆಮೆಯು ತನಗೆಂದು ಆರಿಸಿಕೊಂಡ ನೆಲೆ.

ಜರ್ಮನಿಯ ವೈದ್ಯ ಷೋಪ್ಫ್ ಎಂಬವನು 1795ರಲ್ಲಿ ಈ ಪ್ರಾಣಿಯನ್ನು ಶಾಸ್ತ್ರೀಯವಾಗಿ ವರ್ಣಿಸಿ ಇದಕ್ಕೆ ‘ಸೊಗಸಾದುದು’ ಎಂಬರ್ಥದ ಲ್ಯಾಟಿನ್ ಹೆಸರನ್ನಿಟ್ಟನು. ಈಗ ಗ್ರಂಥಗಳಲ್ಲಿ ಇದು ಜಿಯೋಕೆಲೋನ್ ಎಲೆಗನ್ಸ್. ಹೆಸರು ತಕ್ಕುದಾಗಿಯೇ ಇದೆ. ಉಬ್ಬಿದ ಬೆನ್ನುಚಿಪ್ಪಿನ ಒಂದೊಂದು ಫಲಕವೂ ಕಪ್ಪು. ಅದರ ನಡುವೆ ಹಳದಿಯ ಬೊಟ್ಟು. ಬೊಟ್ಟಿನಿಂದ ಸುತ್ತಲೂ ಕಿರಣಗಳಂತೆ ಹೊರಟ ಹಳದಿಯ ಗೆರೆಗಳು. ಮೇಜಿನ ಮೇಲಿಟ್ಟು ನೋಡಿದವರಿಗೆ ಇಷ್ಟು ಎದ್ದುಕಾಣುವ ಬಣ್ಣವು ಶತ್ರುಗಳನ್ನು ಕೂಗಿ ಕರೆಯುವಂತಿದೆಯಲ್ಲ ಎನಿಸೀತು. ಆದರೆ ಒಣಗಿದ ಹುಲ್ಲಿನ ಬುಡದಲ್ಲಿ, ಬಿಸಿಲೂ ನೆರಳೂ ಎಳೆಯೆಳೆಯಾಗಿ ಬೀಳುವ ಕಡೆಯಲ್ಲಿ, ಆ ಗೆರೆಗಳು ಹುಲ್ಲಿನ ಗೆರೆಗಳಲ್ಲಿ ಕಲೆತುಹೋಗಿ ಆಮೆಯ ಆಕಾರವೇ ಒಡೆದುಹೋಗುವುದು. ಎರಡು ಮಾರು ದೂರದಲ್ಲಿದ್ದರೂ ಕಣ್ಣಿಗೆ ಬೀಳದು.

ಚಿಪ್ಪಿನ ಉಬ್ಬಿಗೂ ಒಂದು ಪ್ರಯೋಜನವುಂಟು. ಹೇಗೆ ಮಗುಚಿದರೂ ತಾನೇ ತಿರುಗಿ ಒಂದೇ ಭಂಗಿಯಲ್ಲಿ ನಿಲ್ಲುವ ಒಂದು ಘನಾಕೃತಿಯನ್ನು ಹಂಗೆರಿಯ ಗಣಿತಜ್ಞರಾದ ಡೊಮೊಕೋಷ್ ಮತ್ತು ವಾರ್ಕೊನ್ಯಿ ಎಂಬವರು 2006ರಲ್ಲಿ ರೂಪಿಸಿದರು. ಅಡಿಯಲ್ಲಿ ಭಾರವನ್ನು ತುಂಬಿ ಮಾಡಿದ ಆಟಿಕೆಯಲ್ಲ ಅದು. ಎಲ್ಲೆಡೆಯೂ ಒಂದೇ ಸಮನಾದ ಸಾಂದ್ರತೆಯುಳ್ಳ ವಸ್ತು. ಪ್ರಕೃತಿಯಲ್ಲಿ ಅದರ ಹೋಲಿಕೆಯನ್ನು ಹುಡುಕಿದಾಗ ಅವರಿಗೆ ಬಹಳ ಸಮೀಪವಾಗಿ ಕಂಡದ್ದು ನಮ್ಮ ನಕ್ಷತ್ರ ಆಮೆಯ ಚಿಪ್ಪು. ಗಣಿತಜ್ಞರು ಬಹುಕಾಲ ತಲೆ ಕೆಡಿಸಿಕೊಂಡ ಲೆಕ್ಕವನ್ನು ಬಯಲುಸೀಮೆಯ ಈ ಮಂದಗಾಮಿಯು ಬೆನ್ನಿನ ಮೇಲೆಯೇ ಹೊತ್ತು ತಿರುಗುತ್ತಿತ್ತು.

ಇದು ಸಸ್ಯಾಹಾರಿ. ಹುಲ್ಲು, ಎಲೆ, ಹೂವು, ಉದುರಿದ ಹಣ್ಣು, ಕಳ್ಳಿಯ ತಿರುಳು ಇದರ ಆಹಾರ. ಬಿಸಿಲೇರಿದಾಗ ಪೊದೆಯ ಬುಡದಲ್ಲಿ ತಲೆಮರೆಸಿಕೊಂಡು ಬೆಳಗು ಬೈಗುಗಳಲ್ಲಿ ಮೇಯಲು ಹೊರಡುವುದು. ಮಳೆ ಬಿದ್ದಾಗ ಇದರ ಜಡತ್ವವೆಲ್ಲ ಕಳೆಯುವುದು. ಗಂಡುಹೆಣ್ಣುಗಳ ಸಮಾಗಮವೂ ಆ ಕಾಲದಲ್ಲಿಯೇ. ಹೆಣ್ಣು ಗಂಡಿಗಿಂತ ದೊಡ್ಡದು. ಅದು ಹಿಂಗಾಲುಗಳಿಂದ ಮಣ್ಣನ್ನು ಬಗೆದು ಕೆಲವೇ ಮೊಟ್ಟೆಗಳನ್ನಿಟ್ಟು ಮುಚ್ಚಿ ಹೊರಟುಹೋಗುವುದು. ಆಮೇಲಿನ ಪೋಷಣೆಯೆಲ್ಲ ಮಣ್ಣಿನದು. ಅನೇಕ ಜಾತಿಯ ಆಮೆಗಳಲ್ಲಿ ಮರಿಯು ಗಂಡಾಗುವುದೋ ಹೆಣ್ಣಾಗುವುದೋ ಎಂಬುದು ಸಹ ಮೊಟ್ಟೆಯ ಸುತ್ತಲಿನ ಮಣ್ಣಿನ ಕಾವಿನಿಂದ ನಿರ್ಧಾರವಾಗುವುದು. ಈ ಸಂಗತಿಯನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಆಮೆಗೆ ನೆಲವೆಂದರೆ ಬರಿಯ ಓಡಾಡುವ ಜಾಗವಲ್ಲ, ಅದು ದಾದಿ.

ಈಗ ಇದರ ವಿಸ್ತಾರವನ್ನು ನೋಡೋಣ. ನಕ್ಷತ್ರ ಆಮೆಯು ಭಾರತದಲ್ಲೆಲ್ಲ ಒಂದೇ ಹರವಾಗಿ ಹಬ್ಬಿಲ್ಲ. ಸಿಂಧಿನ ಪೂರ್ವಭಾಗ, ಕಚ್ಛ, ಸೌರಾಷ್ಟ್ರ, ರಾಜಸ್ಥಾನದ ಕೆಲವು ಭಾಗಗಳು—ಇದೊಂದು ವಾಯವ್ಯದ ಮಂಡಲ. ಆಂಧ್ರ, ಕರ್ನಾಟಕ, ತಮಿಳುನಾಡುಗಳ ಮಳೆ ಕಡಮೆಯಾದ ಪ್ರದೇಶಗಳು ದಕ್ಷಿಣದ ಮಂಡಲ. ಸಮುದ್ರದಾಚೆ ಸಿಂಹಳದ ಒಣ ವಲಯ ಮೂರನೆಯದು. ವಾಯವ್ಯಕ್ಕೂ ದಕ್ಷಿಣಕ್ಕೂ ನಡುವೆ ಈ ಆಮೆಯು ಸಹಜವಾಗಿ ವಾಸಿಸದ ವಿಶಾಲವಾದ ತೆರಪು ಇದೆ. ಹೆಸರು ಒಂದೇ, ಚಿಪ್ಪಿನ ಚಿತ್ತಾರ ಹೆಚ್ಚುಕಡಮೆ ಒಂದೇ. ದಕ್ಷಿಣದವು ಸಾಮಾನ್ಯವಾಗಿ ಗಾತ್ರದಲ್ಲಿ ಚಿಕ್ಕವು, ವಾಯವ್ಯದವೂ ಸಿಂಹಳದವೂ ದೊಡ್ಡವು ಎಂದು ಪ್ರಾಣಿಶಾಸ್ತ್ರಜ್ಞರು ಹೇಳುವುದುಂಟು. ಆದರೆ ಒಂದೊಂದನ್ನೇ ಕೈಗೆತ್ತಿಕೊಂಡು ಇದು ಯಾವ ಸೀಮೆಯದೆಂದು ಕಣ್ಣಳತೆಯಿಂದ ಹೇಳಲು ಹೋದರೆ ಪಂಡಿತರೂ ಎಡವುವರು.

ಹೆಸರು ಒಂದಾದ ಮಾತ್ರಕ್ಕೆ ಬಾಳು ಒಂದಾಗುವುದಿಲ್ಲ. ಹೊಸಕೋಟೆ ಕೋಲಾರಗಳ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 700ರಿಂದ 800 ಮಿಲಿಮೀಟರು. ಅದೂ ಒಂದೇ ಸಲಕ್ಕೆ ಸುರಿದುಹೋಗುವುದಿಲ್ಲ: ವೈಶಾಖದ ಸುಮಾರಿಗೆ ಮುಂಗಾರಿಗೆ ಮುಂಚಿನ ಗುಡುಗುಮಳೆ, ಆಮೇಲೆ ಮುಂಗಾರು, ಅದರ ಬೆನ್ನಿಗೆ ಹಿಂಗಾರು. ಮೇವು ಚಿಗುರುವ ಅವಧಿ ದೀರ್ಘವಾದುದು, ಚಳಿಯೂ ಮಿತವಾದುದು. ಕಚ್ಛದ ಕಡೆ ಬೀಳುವುದು ಇದರ ಅರ್ಧದಷ್ಟು. ಬಹುಪಾಲು ಆಷಾಢದಿಂದ ಭಾದ್ರಪದದೊಳಗೆ ಮುಗಿದುಹೋಗುವುದು. ಅಲ್ಲಿ ಚಳಿಗಾಲವೂ ಕಟು, ಬೇಸಗೆಯೂ ಕಟು. ಅಲ್ಲಿನ ಆಮೆಯು ವರ್ಷದ ಬಾಳನ್ನೆಲ್ಲ ಆ ಕೆಲವು ವಾರಗಳಲ್ಲಿ ಬಾಳಿ, ಉಳಿದ ದಿನಗಳನ್ನು ಹೇಗೋ ಕಳೆಯಬೇಕು. ಎರಡು ಊರುಗಳ ಪಂಚಾಂಗಗಳೇ ಬೇರೆ. ತಲೆತಲಾಂತರವಾಗಿ ಬೇರೆ ಪಂಚಾಂಗಗಳನ್ನು ಅನುಸರಿಸಿದ ಎರಡು ಮನೆತನಗಳು ಒಳಗೂ ಬೇರೆಯಾಗಿರುವುವೆ? ಪ್ರಶ್ನೆ ಅದು.

ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ದೊರೆತಿರುವ ಒಂದು ಪ್ರಸಂಗ ಅಮೆರಿಕದ್ದು. ಅಲ್ಲಿನ ನೈರುತ್ಯದ ಮರುಭೂಮಿಗಳಲ್ಲಿ ಒಂದು ಆಮೆಯುಂಟು. ಕೂಪರ್ ಎಂಬ ಪ್ರಕೃತಿಶಾಸ್ತ್ರಜ್ಞನು 1861ರಲ್ಲಿ ವರ್ಣಿಸಿ ಅದಕ್ಕೆ ಅಗಾಸೀ ಎಂಬ ವಿದ್ವಾಂಸನ ಹೆಸರನ್ನಿಟ್ಟನು. ಕ್ಯಾಲಿಫೋರ್ನಿಯದಿಂದ ಮೆಕ್ಸಿಕೋ ದೇಶದವರೆಗೆ ಇದ್ದವೆಲ್ಲ ಅದೇ ಎಂದು ನೂರೈವತ್ತು ವರ್ಷಗಳ ಕಾಲ ನಂಬಲಾಗಿತ್ತು. ಆದರೆ ಅವುಗಳ ನಡತೆಯನ್ನು ಬಲ್ಲವರಿಗೆ ಒಂದು ವಿಚಿತ್ರ ಗೋಚರಿಸುತ್ತಿತ್ತು. ಕೊಲರಾಡೊ ನದಿಯ ಪಶ್ಚಿಮಕ್ಕೆ, ಮೊಹಾವಿ ಮರುಭೂಮಿಯಲ್ಲಿ, ಆಮೆಗಳು ಕಣಿವೆಯ ತಳದ ಬಯಲುಗಳಲ್ಲಿಯೂ ಬೆಟ್ಟದ ಬುಡದಲ್ಲಿ ಮೆಕ್ಕಲು ಹರಡಿದ ಇಳಿಜಾರುಗಳಲ್ಲಿಯೂ ವಾಸಿಸಿ, ಮರಳುಮಣ್ಣಿನಲ್ಲಿ ಆಳವಾದ ಬಿಲಗಳನ್ನು ತೋಡುವುವು. ಅಲ್ಲಿ ಮಳೆ ಹೆಚ್ಚಾಗಿ ಚಳಿಗಾಲದ್ದು. ಆಮೆಗಳು ವಸಂತದಲ್ಲಿ ಮೊಳೆತು ಒಣಗಿಹೋಗುವ ಸಣ್ಣ ಗಿಡಗಳನ್ನು ಮೇಯುವುವು. ನದಿಯ ಪೂರ್ವಕ್ಕೆ, ಸೊನೋರ ಮರುಭೂಮಿಯಲ್ಲಿ, ಅದೇ ಹೆಸರಿನ ಆಮೆಗಳು ಬಯಲನ್ನು ಬಿಟ್ಟು ಕಲ್ಲುಗುಡ್ಡಗಳ ಓರೆಗಳನ್ನು ಹತ್ತಿ ದೊಡ್ಡ ಬಂಡೆಗಳ ಅಡಿಯ ಸಂದುಗಳಲ್ಲಿ ಅಡಗುವುವು. ಅಲ್ಲಿ ಬೇಸಗೆಯ ಕೊನೆಯಲ್ಲಿ ನಮ್ಮ ಮುಂಗಾರನ್ನು ಹೋಲುವ ಮಳೆಯುಂಟು. ಆಮೆಗಳು ಹೆಚ್ಚು ಚುರುಕಾಗುವುದೂ ಆಗಲೇ.

2011ರಲ್ಲಿ ಮರ್ಫಿ ಮತ್ತು ಅವರ ಸಂಗಡಿಗರು ಇವುಗಳ ಆನುವಂಶಿಕ ದ್ರವ್ಯವನ್ನು ಹೋಲಿಸಿ, ನದಿಯ ಎರಡು ಕಡೆಗಳವು ಎರಡು ಬೇರೆ ಜಾತಿಗಳೇ ಎಂದು ತೋರಿಸಿಕೊಟ್ಟರು. ಅವುಗಳ ವಂಶಗಳು ಅಗಲಿ ಸುಮಾರು 50ರಿಂದ 60 ಲಕ್ಷ ವರ್ಷಗಳಾದುವೆಂದು ಎಣಿಕೆ. ಪೂರ್ವದ ಜಾತಿಗೆ ಮೊರಾಫ್ಕ ಎಂಬ ವಿದ್ವಾಂಸನ ಹೆಸರು ಬಂದಿತು. 2016ರಲ್ಲಿ ಇನ್ನೂ ದಕ್ಷಿಣಕ್ಕೆ, ಮೆಕ್ಸಿಕೋದ ಮುಳ್ಳುಗಾಡಿನಲ್ಲಿರುವುದು ಮೂರನೆಯ ಜಾತಿಯೆಂದು ಬೇರೆಮಾಡಲಾಯಿತು. ಹೆಸರಿಡುವುದರಲ್ಲಿ ಪ್ರಾಣಿಶಾಸ್ತ್ರಜ್ಞರು ನಮ್ಮ ಪುರೋಹಿತರಷ್ಟು ಚುರುಕಲ್ಲವೆಂಬುದಕ್ಕೆ ಈ ಒಂದೂವರೆ ಶತಮಾನವೇ ಸಾಕ್ಷಿ.

ಹೆಸರು ಬದಲಾದುದರಿಂದ ಏನಾಯಿತೆಂದು ಕೇಳಬಹುದು. ಬಹಳವಾಯಿತು. ಮೊಹಾವಿ ಪ್ರದೇಶದ ಆಮೆಗಳಿಗೆ 1990ರಲ್ಲಿಯೇ ಅಲ್ಲಿನ ಶಾಸನದ ರಕ್ಷಣೆ ದೊರೆತಿತ್ತು. ಆದರೆ ಆ ಜಾತಿಯ ಒಟ್ಟು ನೆಲೆಯೆಂದು ಎಣಿಸುತ್ತಿದ್ದುದರಲ್ಲಿ, ವಿಭಾಗವಾದ ಮೇಲೆ ಅದರ ಪಾಲಿಗೆ ಉಳಿದದ್ದು ನೂರಕ್ಕೆ ಮೂವತ್ತರಷ್ಟು ಮಾತ್ರ. ದೊಡ್ಡ ಆಸ್ತಿಯೆಂದು ಭಾವಿಸಿದ್ದವನು ಪಾಲುಪಟ್ಟಿಯನ್ನು ಓದಿದ ಮೇಲೆ ತನಗೆ ಎರಡೆಕರೆಯೇ ಉಳಿದುದನ್ನು ಕಂಡಂತಾಯಿತು. ಇನ್ನೊಂದು ಸಂಗತಿ ಇದಕ್ಕಿಂತಲೂ ಸ್ವಾರಸ್ಯವಾದುದು. ಅರಿಜೋನ ಪ್ರಾಂತದ ವಾಯವ್ಯದಲ್ಲಿ ಒಂದು ಕಡೆ ಮೊಹಾವಿಯ ಆಮೆಗಳು ನದಿಯ ಪೂರ್ವದಲ್ಲಿಯೂ ಇವೆ. ಅಲ್ಲಿ ಎರಡು ಜಾತಿಗಳೂ ನೆರೆಹೊರೆಯವಾದರೂ, ಒಂದು ಬಯಲನ್ನೂ ಇನ್ನೊಂದು ಗುಡ್ಡವನ್ನೂ ಬಿಡದೆ ಹಿಡಿದುಕೊಂಡಿವೆ. ಬೆರಕೆಯಾದವು ಉಂಟು, ಆದರೆ ಆ ಬೆರಕೆ ಸಂಧಿಸ್ಥಳವನ್ನು ಬಿಟ್ಟು ದೂರ ಹರಡಿಲ್ಲ. ಎಂದರೆ ಅವನ್ನು ಬೇರೆಯಾಗಿಟ್ಟಿರುವುದು ನದಿಯೊಂದೇ ಅಲ್ಲ, ನೆಲದ ಗುಣವೂ ಹೌದು. ಪಟ್ಟಣಗಳ ಮನೆಗಳಲ್ಲಿ ಮಾತ್ರ ಈ ಕಟ್ಟುಪಾಡು ಮುರಿದುಬಿದ್ದಿದೆ. ಅರಿಜೋನದಲ್ಲಿ ಜನರು ಸಾಕಿದ ಆಮೆಗಳನ್ನು ಪರೀಕ್ಷಿಸಿದಾಗ ಗಣನೀಯವಾದ ಭಾಗವು ಹೊರಗಿನ ಮೊಹಾವಿಯದಾಗಿಯೋ ಬೆರಕೆಯಾಗಿಯೋ ಕಂಡಿತು. ಇಂತಹವನ್ನು ಕರುಣೆಯಿಂದ ಒಯ್ದು ಹತ್ತಿರದ ಗುಡ್ಡದಲ್ಲಿ ಬಿಟ್ಟರೆ ಆಗುವುದೇನೆಂದು ವಿವರಿಸಬೇಕಾಗಿಲ್ಲ.

ಒಳಗಿನ ಈ ಭೇದವನ್ನು ಓದುವುದು ಹೇಗೆ? ಪ್ರತಿಯೊಂದು ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ನೂಲಿನಂತಹ ದ್ರವ್ಯವಿರುವುದು. ನಾಲ್ಕೇ ಅಕ್ಷರಗಳಿಂದ ಬರೆದ ಒಂದು ಮಹಾಗ್ರಂಥ ಅದು. ಪ್ರತಿಯೊಂದು ತಲೆಮಾರಿನಲ್ಲಿಯೂ ಈ ಗ್ರಂಥದ ಪ್ರತಿಯಾಗುವುದು, ಪ್ರತಿಮಾಡುವಾಗ ಎಲ್ಲೋ ಒಂದು ಅಕ್ಷರ ತಪ್ಪುವುದು. ನಮ್ಮ ಓಲೆಗರಿಯ ಕಾವ್ಯಗಳನ್ನು ಸಂಪಾದಿಸಿದವರು ಇದನ್ನು ಚೆನ್ನಾಗಿ ಬಲ್ಲರು. ಒಂದು ಮಠದಲ್ಲಿ ಲಿಪಿಕಾರನು ಮಾಡಿದ ತಪ್ಪು ಆ ಮಠದ ಪ್ರತಿಯಿಂದ ಹುಟ್ಟಿದ ಎಲ್ಲ ಪ್ರತಿಗಳಲ್ಲಿಯೂ ಬರುವುದು. ಬೇರೆ ಮಠದ ಪ್ರತಿಗಳಲ್ಲಿ ಬಾರದು. ಪಾಠಾಂತರಗಳನ್ನು ಪಟ್ಟಿಮಾಡಿದರೆ ಯಾವ ಓಲೆ ಯಾವ ಮನೆತನದ್ದು, ಎರಡು ಮನೆತನಗಳು ಸುಮಾರಾಗಿ ಎಂದು ಅಗಲಿದುವು ಎಂಬುದು ಹೊರಪಡುವುದು. ಆಮೆಗಳಲ್ಲಿ ಮಾಡುವುದೂ ಇದೇ ಕೆಲಸ. ಇದರಲ್ಲಿ ಎರಡು ಗ್ರಂಥಗಳುಂಟು. ಜೀವಕೋಶದ ನಡುವಣ ಬೀಜದಲ್ಲಿರುವುದು ತಂದೆತಾಯಿಗಳಿಬ್ಬರಿಂದಲೂ ಬಂದದ್ದು. ಮೈಟೊಕಾಂಡ್ರಿಯ ಎಂಬ ಸಣ್ಣ ಕಣಗಳಲ್ಲಿರುವ ಇನ್ನೊಂದು ಪುಟ್ಟ ಗ್ರಂಥವು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವುದು, ದಕ್ಷಿಣ ಕನ್ನಡದ ಅಳಿಯಕಟ್ಟಿನಲ್ಲಿ ಮನೆತನವು ತಾಯಿಯ ಕಡೆಯಿಂದ ಸಾಗಿಬಂದಂತೆ. ಎರಡನ್ನೂ ಓದಿದರೆ ಬೆರಕೆ ಎಲ್ಲಿ ನಡೆದಿದೆ, ಯಾವ ಕಡೆಯ ಹೆಣ್ಣಿನ ಮೂಲಕ ನಡೆದಿದೆ ಎಂಬುದೂ ತಿಳಿಯುವುದು. ಪರೀಕ್ಷೆಗೆ ಬೇಕಾದುದು ಒಂದೆರಡು ತೊಟ್ಟು ರಕ್ತ, ಆಮೆಗೆ ಅಪಾಯವಿಲ್ಲ.

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ನಕ್ಷತ್ರ ಆಮೆಗೆ ಅನ್ವಯಿಸುವ ಸಂದರ್ಭವು ಬಂದದ್ದು ಒಂದು ಅನ್ಯಾಯದ ಮೂಲಕ. ಈ ಆಮೆಯ ಚೆಲುವೇ ಇದರ ಶತ್ರು. ವಿದೇಶದ ಮನೆಗಳಲ್ಲಿ ಶೋಕಿಯ ವಸ್ತುವಾಗಿಯೂ, ನಮ್ಮಲ್ಲಿ ಮನೆಗೆ ಐಶ್ವರ್ಯ ತರುವುದೆಂಬ ನಂಬಿಕೆಯಿಂದಲೂ ಇದನ್ನು ಹಿಡಿದು ಮಾರುವರು. ಭಾರತದ ಒಂದೇ ಒಂದು ಸಂಗ್ರಹಕೇಂದ್ರಕ್ಕೆ ವರ್ಷಕ್ಕೆ ಕಡಮೆಯೆಂದರೂ 55,000 ಆಮೆಗಳು ಕಾಡಿನಿಂದ ಬರುತ್ತಿದ್ದುವೆಂದು 2015ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ತಿಳಿಸಿತು. ಅವು ಗೋಣಿಚೀಲಗಳಲ್ಲಿಯೂ ಬಟ್ಟೆಯ ಪೆಟ್ಟಿಗೆಗಳಲ್ಲಿಯೂ ಅಡಗಿ ಆಗ್ನೇಯ ಏಷ್ಯದ ಪಟ್ಟಣಗಳಿಗೆ ಸಾಗುವುವು. ಹಾಗೆ ಸಿಂಗಪೂರದಲ್ಲಿ ಸಿಕ್ಕಿಬಿದ್ದು ಭಾರತಕ್ಕೆ ಮರಳಿದ ಆಮೆಗಳ ಡಿ.ಎನ್.ಎ.ಯನ್ನು ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿ 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವುಗಳ ಮೂಲವು ದಕ್ಷಿಣ ಭಾರತದ ಕಡೆಗೆ ಬೆರಳು ತೋರಿತು. ಹಡಗಿನಲ್ಲಿಯೋ ವಿಮಾನದಲ್ಲಿಯೋ ಹೋಗಿ ಬಂದು, ಊರಿನ ಹೆಸರನ್ನು ಹೇಳಲಾರದ ಪ್ರಾಣಿಯು ತನ್ನ ರಕ್ತದಿಂದ ವಿಳಾಸವನ್ನು ತಿಳಿಸಿದಂತಾಯಿತು. ಈಚಿನ ವರ್ಷಗಳಲ್ಲಿ ಇನ್ನೂ ವಿಸ್ತಾರವಾಗಿ ನಡೆದ ಡಿ.ಎನ್.ಎ. ವ್ಯಾಸಂಗಗಳು ವಾಯವ್ಯದವೂ ದಕ್ಷಿಣದವೂ ಆನುವಂಶಿಕವಾಗಿ ಎರಡು ಪ್ರತ್ಯೇಕ ಗುಂಪುಗಳೆಂದೂ, ಬಹುದೀರ್ಘಕಾಲದಿಂದ ಬೇರೆಬೇರೆಯಾಗಿ ನಡೆದುಬಂದಿರುವುವೆಂದೂ ತೋರಿಸಿವೆ. ಅಮೆರಿಕದಲ್ಲಿ ಆದಂತೆ ಇವುಗಳನ್ನು ಎರಡು ಜಾತಿಗಳೆಂದು ಕರೆದಿಲ್ಲ. ಆದರೆ ರಕ್ಷಣೆಯ ದೃಷ್ಟಿಯಿಂದ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡುವಂತಿಲ್ಲ.

ಇದು ವಿದ್ವಾಂಸರ ಚರ್ಚೆಗೆ ಮಾತ್ರ ಸಂಬಂಧಿಸಿದ ಸೂಕ್ಷ್ಮವಲ್ಲ. 2018ರ ನವೆಂಬರಿನಲ್ಲಿ ಸಿಂಗಪೂರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಬಂದಿಳಿದುವು. ಕರ್ನಾಟಕದ ಅರಣ್ಯ ಇಲಾಖೆಯು ಅವುಗಳನ್ನು ಬರಮಾಡಿಕೊಂಡಿತು. 2019ರಲ್ಲಿ ಜಿನೀವದಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಕಾಡಿನ ನಕ್ಷತ್ರ ಆಮೆಯ ವ್ಯಾಪಾರವನ್ನು ಸಂಪೂರ್ಣವಾಗಿ ನಿಷೇಧಿಸುವ ಮೊದಲನೆಯ ಪಟ್ಟಿಗೆ ಇದನ್ನು ಸೇರಿಸಿತು. ಆಗಾಗ್ಗೆ ದೇವನಹಳ್ಳಿಯ ವಿಮಾನನಿಲ್ದಾಣದಲ್ಲಿ ಸುಂಕದ ಅಧಿಕಾರಿಗಳ ಕೈಗೆ ಸಿಕ್ಕುವ ಆಮೆಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುವೆವು. ಅಲ್ಲಿಂದ ನಂದಗುಡಿಯ ಕುರುಚಲಿಗೆ ಗಂಟೆಯ ದಾರಿ. ಬಂಧನದಿಂದ ಬಿಡಿಸಿದ ಪ್ರಾಣಿಯನ್ನು ಹತ್ತಿರದ ಬಯಲಿನಲ್ಲಿ ಬಿಟ್ಟುಬಿಟ್ಟರೆ ಪುಣ್ಯವಲ್ಲವೆ ಎಂದು ಸಹೃದಯರಿಗೆ ತೋರುವುದು ಸಹಜ. ನನ್ನ ಅಭಿಪ್ರಾಯದಲ್ಲಿ, ಪರೀಕ್ಷೆಯಿಲ್ಲದೆ ಹಾಗೆ ಬಿಡುವುದು ಎರಡನೆಯ ಅಪಹರಣ.

ಕಾರಣಗಳು ಮೂರು ಬಗೆಯವು. ಕಚ್ಛದ ಆಮೆ ಇಲ್ಲಿಗೆ ಬಂದರೆ ಅದರ ಒಳಗಿನ ಪಂಚಾಂಗಕ್ಕೂ ಇಲ್ಲಿನ ಮಳೆಗೂ ತಾಳ ತಪ್ಪಬಹುದು. ಯಾವ ಕಾವಿನ ಮಣ್ಣಿನಲ್ಲಿ ಎಂದು ಮೊಟ್ಟೆಯಿಡಬೇಕೆಂಬುದು ಅದರ ಪೂರ್ವಜರು ಬೇರೊಂದು ನೆಲದಲ್ಲಿ ಕಲಿತ ಪಾಠ. ಎರಡನೆಯದಾಗಿ, ಅದು ಬದುಕಿಕೊಂಡು ಇಲ್ಲಿನವುಗಳೊಡನೆ ಕೂಡಿದರೆ, ಲಕ್ಷಾಂತರ ವರ್ಷ ಈ ನೆಲಕ್ಕೆ ಹೊಂದಿಕೊಂಡು ಬಂದ ಗುಣಗಳು ಬೆರಕೆಯಲ್ಲಿ ಸಡಿಲವಾಗಬಹುದು. ನಂದಗುಡಿಯ ರಾಗಿಗೆ ಒಗ್ಗಿದ ಹೊಲದಲ್ಲಿ ಬೇರೆ ಸೀಮೆಯ ಬೀಜವನ್ನು ಬೆರಸಿದ ರೈತನಿಗೆ, ಮುಂದಿನ ವರ್ಷ ಹಳೆಯ ಬೀಜವನ್ನು ಬೇರೆಮಾಡಿ ಆರಿಸಿಕೊಳ್ಳುವುದು ಸಾಧ್ಯವೆ? ಮೂರನೆಯದು ಎಲ್ಲಕ್ಕಿಂತ ಬೇಗ ಕೊಲ್ಲುವುದು: ರೋಗ. ವ್ಯಾಪಾರಿಯ ಚೀಲದಲ್ಲಿ ನಾನಾ ಕಡೆಯ ಆಮೆಗಳು ಒಟ್ಟಿಗೆ ತುಂಬಿರುವುವು. ಮೊಹಾವಿ ಮರುಭೂಮಿಯಲ್ಲಿ ಮೈಕೊಪ್ಲಾಸ್ಮ ಎಂಬ ಸೂಕ್ಷ್ಮಜೀವಿಯಿಂದ ಉಂಟಾಗುವ ಉಸಿರಾಟದ ಬೇನೆಯು ಕಾಡಿನ ಆಮೆಗಳನ್ನು ಪೀಡಿಸಿತು. ಜನರು ಸಾಕಿ ಬಿಟ್ಟ ಆಮೆಗಳು ಅದನ್ನು ಹರಡಿರಬಹುದೆಂಬ ಶಂಕೆ ಅಲ್ಲಿ ಬಲವಾಗಿದೆ. ಮೂಗಿನಿಂದ ನೀರು ಸುರಿಯುವ ಒಂದು ಆಮೆಯನ್ನು ದಯೆಯಿಂದ ಬಿಟ್ಟು, ಆರೋಗ್ಯವಾಗಿದ್ದ ನೂರಕ್ಕೆ ಅದನ್ನು ಅಂಟಿಸಿದಂತಾಗಬಹುದು.

ಬೆರಕೆಯ ಭಯವನ್ನು ಅತಿಮಾಡಬಾರದೆಂದು ವಾದಿಸುವವರೂ ಇದ್ದಾರೆ. ಅಳಿದುಹೋಗುವ ಅಂಚಿನಲ್ಲಿರುವ ಪ್ರಾಣಿಯ ವಿಷಯದಲ್ಲಿ ಶುದ್ಧಿಯ ಚಿಂತೆ ಆಮೇಲಿನದು ಎಂಬುದು ಅವರ ಮಾತು. ಇದರಲ್ಲಿ ಹುರುಳಿಲ್ಲದಿಲ್ಲ. ನಕ್ಷತ್ರ ಆಮೆಯ ಅತಿ ಹತ್ತಿರದ ನೆಂಟನು ಬರ್ಮಾದೇಶದ ನಡುಭಾಗದ ಒಣವಲಯದಲ್ಲಿದ್ದಾನೆ; ಅವನೂ ನಕ್ಷತ್ರಧಾರಿ, ಆದರೆ ಬೇರೆಯೇ ಜಾತಿ. ಈ ಶತಮಾನದ ಆರಂಭದ ವೇಳೆಗೆ ಆ ಜಾತಿ ಕಾಡಿನಲ್ಲಿ ಇಲ್ಲವೆನ್ನುವಷ್ಟು ಕ್ಷೀಣವಾಗಿತ್ತು. ಆವರಣಗಳಲ್ಲಿ ಮರಿಮಾಡಿಸಿ ಸಾವಿರಾರು ಸಂಖ್ಯೆಗೆ ಬೆಳಸಿ ಮರಳಿ ಅದರ ನೆಲದಲ್ಲಿ ಬಿಡಲು ತೊಡಗಿದರು. ಗಮನಿಸಬೇಕಾದುದು, ಅಲ್ಲಿಯೂ ಬಿಟ್ಟದ್ದು ಅದರದೇ ನೆಲದಲ್ಲಿ. ನಮ್ಮ ದಕ್ಷಿಣದ ಆಮೆಯಂತೂ ಅಷ್ಟು ಕಡುಬಡತನಕ್ಕೆ ಬಂದಿಲ್ಲ. ಬೆರಕೆಯನ್ನು ಔಷಧವೆಂದು ಕೊಡುವ ಕಾಲ ಇದಲ್ಲ.

ಬಿಡುವುದಕ್ಕೆ ನೆಲ ಬೇಕಷ್ಟೆ. ಹೊಸಕೋಟೆ ಕೋಲಾರಗಳ ಕುರುಚಲಿನಲ್ಲಿ ಎಷ್ಟೋ ಭಾಗ ಹಿಂದೆಯೇ ನೀಲಗಿರಿಯ ತೋಪಾಯಿತು. ಅದರ ಕೆಳಗೆ ಆಮೆ ಮೇಯುವ ಹುಲ್ಲುಸೊಪ್ಪು ಕಡಮೆ. 2017ರಲ್ಲಿ ಸರಕಾರವು ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೆ ಬೆಂಗಳೂರಿನ ಸೆರಗು ಹೊಸಕೋಟೆಯನ್ನು ದಾಟಿ ಹಾಸುತ್ತಿರುವಾಗ, ಖರಾಬು ಎಂದು ಬರೆದ ಭೂಮಿಯೇ ಮೊದಲು ನಿವೇಶನವಾಗುವುದು. ಕಾಡಲ್ಲದ, ಹೊಲವಲ್ಲದ ಈ ನಡುವಣ ನೆಲಕ್ಕೆ ಕಾಗದದಲ್ಲಿ ಒಡೆಯರುಂಟೇ ಹೊರತು ವಕೀಲರಿಲ್ಲ.

ಗೋಮಾಳದಲ್ಲಿ ನಡೆದುಹೋಗುವಾಗ ಯಾರಿಗಾದರೂ ನಕ್ಷತ್ರ ಆಮೆ ಎದುರಾದರೆ, ಅದು ದಾರಿತಪ್ಪಿದ ಪ್ರಾಣಿಯಲ್ಲ, ಇದ್ದಲ್ಲಿಯೇ ಇರಲಿ. ರಸ್ತೆಯ ನಡುವೆ ಸಿಕ್ಕಿದರೆ, ಅದು ಹೊರಟಿದ್ದ ದಿಕ್ಕಿನ ಅಂಚಿಗೆ ದಾಟಿಸಿಬಿಟ್ಟರೆ ಸಾಕು. ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಶಾಸನದಂತೆ ಅಪರಾಧ. ಪೇಟೆಯಲ್ಲಿಯೋ ಯಾರದೋ ತೊಟ್ಟಿಯಲ್ಲಿಯೋ ಕಂಡದ್ದಾದರೆ ಅರಣ್ಯ ಇಲಾಖೆಯವರಿಗೆ ಒಪ್ಪಿಸಬೇಕು. ಒಪ್ಪಿಸುವಾಗ ಅದು ಯಾವ ಊರಿನಿಂದ, ಯಾರ ಕೈಯಿಂದ, ಯಾವ ತಿಂಗಳಲ್ಲಿ ಬಂದುದೆಂದು ತಿಳಿದಷ್ಟನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕೊಡಬೇಕು. ಪ್ರಯೋಗಶಾಲೆಯವರು ರಕ್ತದ ತೊಟ್ಟನ್ನು ಓದುವಾಗ, ಹೋಲಿಸಿ ನೋಡಲು ಅವರಿಗೆ ಮೊದಲು ಬೇಕಾಗುವುದು ಊರಿನ ಹೆಸರು ಖಚಿತವಾಗಿ ಗೊತ್ತಿರುವ ಆಮೆಗಳು.